ಕಾವಿನ ಹೆಡಿಗೆಯಲ್ಲಿ ಕತ್ತಿ

ಅಜ್ಜ ಸತ್ತ ಮೇಲೆ ಕಾಗಾಲದ ನಮ್ಮ ಮನೆಯ ನಡುವೆ ಮಣ್ಣಿನ ಗೋಡೆ ಎಬ್ಬಿಸಿ ಎರಡು ಮಾಡಿದರು. ಈಚೆ ನನ್ನ ಅಪ್ಪ ತಿಮ್ಮ, ಆಚೆ ಅವನ ಅಣ್ಣ ಸೋಮ. ಒಂದೇ ದೋಣಿಯಲ್ಲಿ ಬೆಳೆದವರಿಗೆ ಒಬ್ಬರ ಮುಖ ಒಬ್ಬರಿಗೆ ಆಗುತ್ತಿರಲಿಲ್ಲ. ಅಂಗಳಕ್ಕೆ ಮಾತ್ರ ಗೋಡೆ ಬಿದ್ದಿರಲಿಲ್ಲ. ಅದರ ನಟ್ಟನಡುವೆ ದೊಡ್ಡಪ್ಪನ ಹೆಂಡತಿ ಮಾದೇವಿಯ ಕೋಳಿಗೂಡು ನಿಂತಿತ್ತು.

ದೊಡ್ಡವ್ವ ಕುಮಟೆಯಲ್ಲಿ ಮೀನು ಮಾರಿ ಬಂದು ಕಾಲು ತೊಳೆಯುವ ಮೊದಲೇ ಗೂಡು ನೋಡುವವಳು. ಚಿರೆಕಲ್ಲಿನ ಪಾಯ, ಅಡಿಕೆ ದಬ್ಬೆಯ ಗೋಡೆ, ಎಲ್ಲ ಅವಳೇ ಕಟ್ಟಿದ್ದು. ವಾರಕ್ಕೊಮ್ಮೆ ಹಿಕ್ಕೆ ಕೆರೆದು ಬೂದಿ ಎರಚುತ್ತಿದ್ದಳು. ಒಮ್ಮೆ ಒಳಗೆ ನುಗ್ಗಿದ ಕಾಡುಬೆಕ್ಕನ್ನು ಒನಕೆಯಿಂದ ಜಜ್ಜಿ ಕೊಂದು, ನೋಡಲು ಬಂದವರಿಗೆಲ್ಲ ಬಾಲ ಹಿಡಿದೆತ್ತಿ ತೋರಿಸಿದ್ದಳು. ಊರು ಅವಳ ಬಾಯಿಗೆ ಹೆದರುತ್ತಿತ್ತು. ಅವಳು ಹೆದರಬೇಕಾಗಿದ್ದದ್ದು ಕುಡಿದ ಗಂಡನಿಗೆ ಮಾತ್ರ. ಸಾರಾಯಿ ಹೊಟ್ಟೆಗಿಳಿದರೆ ದೊಡ್ಡಪ್ಪ ಕತ್ತಿ ಹುಡುಕುತ್ತಿದ್ದ.

ಗುಡುಗಿಗೆ ಮೊಟ್ಟೆ ಕೆಡಬಾರದೆಂದು ನಮ್ಮ ಕಡೆ ಕಾವು ಕೂರಿಸುವ ಬುಟ್ಟಿಯಲ್ಲಿ ಕಬ್ಬಿಣದ ಚೂರು ಇಡುತ್ತಾರೆ. ಬೇರೆ ಹೆಂಗಸರಿಗೆ ಒಂದು ಮೊಳೆ ಸಾಕು. ದೊಡ್ಡವ್ವ ಮನೆಯ ಕತ್ತಿಯನ್ನೇ ದೊಡ್ಡ ಹೆಡಿಗೆಯ ತಳದಲ್ಲಿಟ್ಟು, ಹುಲ್ಲು ಹಾಸಿ, ಅಡುಗೆಮನೆಯ ಮೂಲೆಯಲ್ಲಿ ಕೋಳಿ ಕೂರಿಸುತ್ತಿದ್ದಳು. ಕಾವಿನ ಕೋಳಿಯನ್ನು ಇಪ್ಪತ್ತೊಂದು ದಿನ ಎಬ್ಬಿಸಬಾರದು. ದೊಡ್ಡಪ್ಪ ಎಷ್ಟು ಕುಡಿದರೂ ಇದನ್ನು ಮೀರಿರಲಿಲ್ಲ. ಒಂದು ಕೋಳಿ ಮರಿ ಕಟ್ಟಿಕೊಂಡು ಎದ್ದರೆ ಅವಳು ಮತ್ತೊಂದನ್ನು ಕೂರಿಸಿಬಿಡುತ್ತಿದ್ದಳು.

ಎಪ್ಪತ್ತನಾಲ್ಕರ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ, ದೊಡ್ಡವ್ವ ಮೀನು ಮಾರಲು ಹೋದ ಹೊತ್ತು ನೋಡಿ, ಅಂಗಳ ತನ್ನದೆಂದು ಅಪ್ಪ ಹಾರೆ ಹಾಕಿ ಗೂಡು ಕೆಡವಿದ. ನಾಲ್ಕು ಹೇಂಟೆಗಳು ಕಲ್ಲಿನಡಿ ಅಪ್ಪಚ್ಚಿಯಾದವು. ಇದು ನೀಚ ಕೆಲಸ. ಅಪ್ಪನೆಂದು ನಾನು ಮುಚ್ಚಿಡುವುದಿಲ್ಲ.

ಸಂಜೆ ದೊಡ್ಡಪ್ಪ ಕುಡಿದೇ ಬಂದ. ನಾವು ಬಾಗಿಲಿಗೆ ಅಗುಳಿ ಹಾಕಿ ಕೂತೆವು. ಅಪ್ಪ ಹಾರೆ ಹಿಡಿದು ಬಾಗಿಲಿಗೆ ಬೆನ್ನು ಕೊಟ್ಟ. ಗೋಡೆಯಾಚೆಯ ಒಂದೊಂದು ಮಾತೂ ಕೇಳುತ್ತಿತ್ತು.

“ಕತ್ತಿ ಎಲ್ಲಿ? ಅಂವನ ಕುತ್ತಿಗೆ ಕಡಿತೆ ಇವತ್ತು!”

“ಕೋಳಿ ಕೆಳಗದೆ. ಇನ್ನೂ ಮೂರು ದಿನ ತೆಗೂಕಾಗ.”

“ಸಾಯ್ಲಿ ನಿನ್ನ ಕೋಳಿ!”

ಕೋಳಿ ಕಿರುಚಿತು. ದೊಡ್ಡಪ್ಪ ಅದರ ಕಾಲು ಹಿಡಿದೆತ್ತಿ ಗೋಡೆಗೆ ಅಪ್ಪಳಿಸಿದ್ದ; ನಮ್ಮ ಕಡೆ ಮಣ್ಣು ಉದುರಿತು. ಆಮೇಲೆ ಹೆಡಿಗೆಗೆ ಒದ್ದ. ಮೂರು ದಿನ ಕಳೆದಿದ್ದರೆ ಚಿಂವ್ ಎನ್ನಬೇಕಿದ್ದ ಮರಿಗಳು ರಕ್ತ ಲೋಳೆಯ ಜೊತೆ ನೆಲಕ್ಕೆ ಬಿದ್ದವು. ಕತ್ತಿಯೂ ಬಿತ್ತು. ಅವನು ಬಗ್ಗಿ ತಡಕಾಡುವಷ್ಟರಲ್ಲಿ ದೊಡ್ಡವ್ವ ಅದನ್ನು ಎತ್ತಿಕೊಂಡು, ನೆಲಕ್ಕೂರಿದ ಅವನ ಬಲಗೈ ಮೇಲೆ ಬೀಸಿದಳು. ಮೂರು ಬೆರಳು ಹೋದವು. ಆಮೇಲೆ ಅವಳು ಓಡಿ ಬಂದು ನಮ್ಮ ಬಾಗಿಲು ಬಡಿದಳು; ಅಪ್ಪ ಅಗುಳಿ ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ದೊಡ್ಡಪ್ಪ, ಕಾಯಿ ಒಡೆಯುವಾಗ ಆತು ಎಂದ. ಹೆಂಡತಿ ಕಡಿದಳೆಂದು ಯಾವ ಬಾಯಲ್ಲಿ ಹೇಳುತ್ತಾನೆ? ತಿಂಗಳುಗಟ್ಟಲೆ ಅವಳೇ ಬೈಯುತ್ತ ಬೈಯುತ್ತ ಗಂಜಿ ಉಣಿಸಿದಳು. ಮೈದುನನ ಜೀವ ಉಳಿಸಿದ ಮಹಾತಾಯಿ ಎಂದು ಊರು ಹೊಗಳಿತು. ಹನ್ನೆರಡು ವರ್ಷ ನಾನೂ ಹಾಗೇ ನಂಬಿ, ಮನಸ್ಸಿನಲ್ಲೇ ಅವಳಿಗೆ ಕೈಮುಗಿಯುತ್ತಿದ್ದೆ.

ಎಂಬತ್ತಾರರಲ್ಲಿ ಹೊನ್ನಾವರದ ಗಂಡನ ಮನೆಯಿಂದ ಬಂದಾಗ ಅವಳು ಮತ್ತೆ ಕಟ್ಟಿದ ಗೂಡಿನ ದಬ್ಬೆ ಬಿಗಿಯುತ್ತಿದ್ದಳು. ಹತ್ತಿರ ಕೂತು ಹೇಳಿಯೇಬಿಟ್ಟೆ.

“ದೊಡ್ಡವ್ವ, ಆ ದಿನ ನೀನು ಇಲ್ದೇ ಇದ್ರೆ ಅಪ್ಪ ಇರ್ತಿರಲಿಲ್ಲ. ನೀನು ಸಹಾಯ ಕೇಳ್ಕಂಡು ಬಂದು ಬಾಗ್ಲು ಬಡಿದ್ರೂ ಅಂವ ಹೆದರಿ ತೆಗೀಲಿಲ್ಲ. ಅದನ್ನ ನೆನೆಸ್ಕಂಡು ಇವತ್ತಿಗೂ ಕೊರಗ್ತ.”

ಅವಳು ಬಳ್ಳಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಗಂಟು ಹಾಕಿದಳು.

“ಕೊರಗೂದು ಬೇಡ ಅಂತ ಹೇಳು. ಸಹಾಯಕ್ಕೆ ಯಾರು ಬಂದಿದ್ರು? ಕತ್ತಿ ಕೈಯಲ್ಲೇ ಇತ್ತು. ಬಾಗ್ಲು ತೆಗೆದಿದ್ರೆ ಎರಡನೇ ಏಟು ಅಂವಂಗೇ.”