ಗೌರತ್ತೆಯ ಓರೆನೋಟ

ಅಜ್ಜಂಪುರದ ನಮ್ಮ ಗೌರತ್ತೆ ಯಾರ ಮುಖವನ್ನಾದರೂ ಚೆನ್ನಾಗಿ ನೋಡಬೇಕೆಂದರೆ ಅವರ ಕಿವಿಯಾಚೆಗಿನ ಗೋಡೆಯನ್ನು ನೋಡುತ್ತಿದ್ದಳು. ಗೊತ್ತಿಲ್ಲದವರು ಹಿಂದೆ ಹಲ್ಲಿ ಇದೆಯೇನೋ ಎಂದು ತಿರುಗುತ್ತಿದ್ದರು.

ಅತ್ತೆ ನಮ್ಮಪ್ಪನ ಅಕ್ಕ. ನೆಂಟರಿಷ್ಟರ ಅರ್ಧ ಮದುವೆಗಳನ್ನು ಕುದುರಿಸಿದವಳು. ಎಂಬತ್ತರ ದಶಕದ ನಡುವೆ ಒಂದು ಬೆಳಿಗ್ಗೆ, "ಲೇ, ಬಾಗಿಲ ಚೌಕಟ್ಟು ಡೊಂಕಾಗ್ಯದೆ ಕಣೋ" ಎಂದಳು. ಬಡಗಿಯನ್ನು ಕರೆಸಿದೆವು. ಅವನು ನೂಲು ಹಿಡಿದು ನೋಡಿ ನೆಟ್ಟಗಿದೆ ಎಂದ. ಅತ್ತೆ ನಂಬಲಿಲ್ಲ. ಆಮೇಲಾಮೇಲೆ ಎದುರಿದ್ದವರ ಮುಖದ ಜಾಗದಲ್ಲಿ ಮಸಿ ಕಾಣತೊಡಗಿತು.

ಕಡೂರಿನ ಕಣ್ಣು ಡಾಕ್ಟರು ಇದು ಪೊರೆಯಲ್ಲ ಎಂದು ಬೆಂಗಳೂರಿಗೆ ಕಳಿಸಿದರು. ನಾನೇ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ಕಣ್ಣಿನ ಹಿಂದಿನ ಪರದೆಯ ನಡುಭಾಗ ಕೆಟ್ಟಿದೆ. ಎಡಗಣ್ಣಿಗೆ ಮಾಡುವಂಥದ್ದೇನೂ ಇಲ್ಲ. ಬಲಗಣ್ಣಲ್ಲಿ ನಡುವಿನ ಪಕ್ಕದಲ್ಲೇ ರಕ್ತನಾಳ ಸೋರುತ್ತಿದೆ, ಅದನ್ನು ಲೇಸರ್‌ನಿಂದ ಸುಡಬಹುದು. ಸುಟ್ಟ ಜಾಗ ಮತ್ತೆ ಕಾಣುವುದಿಲ್ಲ.

"ಸುಟ್ರೆ ಮುಖ ಕಾಣ್ತದಾ ಸಾಮಿ?"

"ಈಗ ಕಾಣೋಷ್ಟು ಉಳೀಬಹುದು ಅಜ್ಜಿ. ಖಂಡಿತ ಅನ್ನೋಕಾಗಲ್ಲ."

"ಸುಡದಿದ್ರೆ?"

"ಕಪ್ಪು ಹರಡುತ್ತೆ. ಪೂರ್ತಿ ಕುರುಡಾಗಲ್ಲ, ಅಂಚು ಉಳಿಯುತ್ತೆ."

ಅತ್ತೆ ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಸುಟ್ಬಿಡಿ. ಒಲೆ ಮುಂದೆ ಕೂತವ್ಳಿಗೆ ಬೆಂಕಿ ಹೊಸದಾ?" ಎಂದಳು.

ಸೋರಿಕೆ ನಿಂತಿತು. ಮಸಿ ಉಳಿಯಿತು. ಕಣ್ಣಂಚಿನಿಂದ ನೋಡುವುದನ್ನು ಅತ್ತೆ ತಾನಾಗಿಯೇ ಕಲಿತಳು. ಸಂಬಂಧ ಕುದುರಿಸುವುದನ್ನು ಮಾತ್ರ ಬಿಡಲಿಲ್ಲ.

ಚಿಕ್ಕಪ್ಪನ ಮಗನಿಗೆ ಹೆಣ್ಣು ನೋಡಲು ತರೀಕೆರೆಗೆ ಹೋಗಿದ್ದೆವು. ಹುಡುಗಿ ಬಂದು ಕೂತರೂ ಅತ್ತೆ ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದಳು. ಹುಡುಗಿಯ ಅಪ್ಪನಿಗೆ ರೇಗಿತು.

"ಏನಮ್ಮಾ, ಹುಡ್ಗಿ ನೋಡೋಕ್ ಬಂದ್ರೋ, ಉಪ್ಪಿಟ್ಟು ಕಾಯೋಕೋ?"

"ಹುಡ್ಗೀನೇ ನೋಡ್ತಿದೀನಿ ಕಣಪ್ಪಾ. ಅಳ್ತಾವ್ಳೆ."

ನಾವೆಲ್ಲ ಆಗ ನೋಡಿದೆವು. ನಿಜಕ್ಕೂ ಅಳುತ್ತಿದ್ದಳು. ಅಲ್ಲಿಯವರೆಗೆ ನಾವು ಅವಳ ಸೀರೆ ನೋಡುತ್ತಿದ್ದೆವು.

"ಇನ್ನೂ ಓದ್ಬೇಕು ಅಜ್ಜಿ" ಎಂದಳು ಹುಡುಗಿ.

"ಓದ್ಸಪ್ಪಾ" ಎಂದು ಅತ್ತೆ ಎದ್ದಳು. ಉಪ್ಪಿಟ್ಟು ಬರುವ ಮೊದಲೇ ಹೊರಟೆವು. ಚಿಕ್ಕಪ್ಪ ಅದನ್ನು ಬಹಳ ದಿನ ಮರೆಯಲಿಲ್ಲ. ಹುಡುಗಿ ಮುಂದೆ ಕಾಲೇಜು ಸೇರಿದಳಂತೆ.

ಅತ್ತೆ ತೀರಿಕೊಳ್ಳುವ ಮೊದಲು ನಾನು ಅವಳನ್ನು ಕೊನೆಯ ಸಲ ನೋಡಿದ್ದು ಕಡೂರು ಸ್ಟೇಷನ್ನಿನಲ್ಲಿ. ಮಗನ ಜೊತೆ ರೈಲು ಹತ್ತಿ ಕಿಟಕಿ ಪಕ್ಕ ಕೂತಿದ್ದಳು. ನನ್ನನ್ನು ನೋಡಬೇಕೆಂದು ಪ್ಲಾಟ್‌ಫಾರಂನಲ್ಲಿ ನನ್ನ ಪಕ್ಕ ನಿಂತಿದ್ದ ಟೀ ಮಾರುವವನತ್ತ ತಿರುಗಿ, "ಸಣ್ಣಗಾಗ್ಬಿಟ್ಟಿದೀಯ ಕಣೋ. ಹೊತ್ತೊತ್ತಿಗೆ ಉಣ್ಣು" ಎಂದಳು.

"ಆಯ್ತಮ್ಮಾ" ಎಂದ ಅವನು.

ರೈಲು ಹೊರಟಿತು. ನಾವಿಬ್ಬರೂ ಕೈ ಬೀಸಿದೆವು.