ಯೋಸಿಪ್‌ರ ಕೊನೆಯ ಪಂದ್ಯಕ್ಕೆ ಮೆಲ್ಬರ್ನ್‌ವರೆಗೆ

ಬ್ಲ್ಯಾಕ್‌ಟೌನ್‌ನ ನಮ್ಮ ಮನೆ ಮುಂದೆ ಯೋಸಿಪ್‌ರ ಕಾರು ಬಂದು ನಿಂತಾಗ ಇನ್ನೂ ಸರಿಯಾಗಿ ಬೆಳಗಾಗಿರಲಿಲ್ಲ. ತೊಂಬತ್ತರ ದಶಕದ ನಡುವಿನ ಒಂದು ಅಕ್ಟೋಬರ್ ಅದು. ಮೈಸೂರಿನಿಂದ ಬಂದ ನಾನು ಸಿಡ್ನಿಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಯೋಸಿಪ್ ನನ್ನ ಪೇಶೆಂಟ್, ಕ್ರೊಯೇಷಿಯಾದ ಫುಟ್‌ಬಾಲ್ ಡಿಫೆಂಡರ್. ಅವರ ಬಲ ಮೊಣಕಾಲು ಸವೆದುಹೋಗಿತ್ತು. ಆಟ ನಿಲ್ಲಿಸಿ ಎಂದು ನಾನು ಹಲವು ಸಲ ಹೇಳಿದ್ದೆ. ಮೆಲ್ಬರ್ನ್‌ನಲ್ಲಿ ಇದೊಂದು ಪಂದ್ಯ ಆಡಿಬಿಡುತ್ತೇನೆ, ನೀವೇ ಬಂದು ಪಟ್ಟಿ ಸುತ್ತಿಕೊಡಿ ಎಂದು ಬೇಡಿಕೊಂಡರು. ರಜೆ ಹಾಕಿ ಹೊರಟೆ.

ಅವರ ಹೆಂಡತಿ ಮಾರಿಯಾ ಕಾರು ಓಡಿಸಿದರು. ಹ್ಯೂಮ್ ಹೈವೇಯಲ್ಲಿ ಒಂಬೈನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ದಾರಿ. ಗೌಲ್ಬರ್ನ್ ದಾಟಿದ ಮೇಲೆ ರಸ್ತೆ ಬದಿಯ ಬೆಂಚಿನ ಮೇಲೆ ಕುಳಿತು ನನ್ನ ಚಿತ್ರಾನ್ನವನ್ನೂ ಅವರ ಬ್ರೆಡ್ಡು, ಸುಟ್ಟ ಮೆಣಸಿನಕಾಯಿ, ಚೀಸನ್ನೂ ಹಂಚಿಕೊಂಡೆವು. ಯೋಸಿಪ್ ಚಿತ್ರಾನ್ನವನ್ನು ಎರಡನೇ ಸಲ ಹಾಕಿಸಿಕೊಂಡರು.

ದಾರಿಯುದ್ದಕ್ಕೂ ಅವರು ತಮ್ಮ ಕಥೆ ಹೇಳಿದರು. ಸಮುದ್ರ ತೀರದ ಸಣ್ಣ ಊರು, ಹಡಗುಕಟ್ಟೆಯಲ್ಲಿ ದುಡಿಯುತ್ತಿದ್ದ ಅಪ್ಪ. ಎತ್ತರವಿದ್ದ ಕಾರಣ ತಂಡದಲ್ಲಿ ಹಿಂದೆ, ಗೋಲು ಕಾಯಲು ನಿಲ್ಲಿಸಿದರಂತೆ, ಕೊನೆಯವರೆಗೂ ಅಲ್ಲೇ ನಿಂತರು. ತೊಂಬತ್ತನೇ ಇಸವಿಯಲ್ಲಿ ಒಂದು ವರ್ಷದ ಒಪ್ಪಂದದ ಮೇಲೆ ಸಿಡ್ನಿಯ ಕ್ಲಬ್ಬಿಗೆ ಬಂದವರು. ಅಷ್ಟರಲ್ಲಿ ಅತ್ತ ಯುದ್ಧ ಶುರುವಾಯಿತು, ವಾಪಸ್ ಹೋಗಲಾಗಲಿಲ್ಲ. ವಾರವೆಲ್ಲ ಟೈಲ್ಸ್ ಹಾಕುವ ಕೆಲಸ, ಭಾನುವಾರ ಆಟ. ದಿನವಿಡೀ ನೆಲದ ಮೇಲೆ ಮಂಡಿಯೂರಿ ಮಾಡುವ ಕೆಲಸವದು. ಮೊಣಕಾಲು ಯಾಕೆ ಹೋಯಿತೆಂದು ನನಗೆ ಆಗ ಪೂರ್ತಿ ಅರ್ಥವಾಯಿತು.

ಅವರ ತಾಯಿ ಮಗ ಆಡಿದ್ದನ್ನು ಒಮ್ಮೆಯೂ ನೋಡಿರಲಿಲ್ಲ. ಆ ಊರಿನಲ್ಲಿ ಹೆಂಗಸರು ಮೈದಾನಕ್ಕೆ ಹೋಗುತ್ತಿರಲಿಲ್ಲವಂತೆ. ಯುದ್ಧದಲ್ಲಿ ಮನೆ ಕಳೆದುಕೊಂಡ ಆಕೆ ಈಗ ಮೆಲ್ಬರ್ನ್‌ನ ಮಗಳ ಮನೆ ಸೇರಿದ್ದರು. ಈ ಒಂದು ಪಂದ್ಯಕ್ಕಾಗಿ ಯೋಸಿಪ್ ಯಾಕೆ ಹಟ ಹಿಡಿದಿದ್ದರೆಂದು ಆಲ್ಬರಿಯಲ್ಲಿ ನದಿ ದಾಟುವ ಹೊತ್ತಿಗೆ ತಿಳಿಯಿತು.

ಭಾನುವಾರ ಮೆಲ್ಬರ್ನ್‌ನ ಪಶ್ಚಿಮದ ಸಬರ್ಬ್ ಒಂದರಲ್ಲಿ ಪಂದ್ಯ. ಕ್ರೊಯೇಷಿಯನ್ ಕ್ಲಬ್ಬುಗಳೇ ಕೂಡಿ ನಡೆಸುವ ಟೂರ್ನಮೆಂಟ್. ಬೆಳಿಗ್ಗೆ ಬಿಸಿಲಿತ್ತು, ಆಟ ಶುರುವಾಗುವಾಗ ತಣ್ಣಗಿನ ಗಾಳಿ ಬೀಸತೊಡಗಿತು. ನಾನು ಪಟ್ಟಿ ಬಿಗಿದು ಸುತ್ತಿದೆ. ಆಮೇಲೆ ಆಟ ನೋಡಲು ಬಂದಿದ್ದ ಅವರ ಮುದಿ ತಾಯಿಯ ಪಕ್ಕ ಹೋಗಿ ಕುಳಿತೆ. ನನಗೆ ಫುಟ್‌ಬಾಲ್ ಅಷ್ಟೇನೂ ಗೊತ್ತಿಲ್ಲ. ಆಕೆಗೂ ಗೊತ್ತಿರಲಿಲ್ಲ. ಚೆಂಡು ಎಲ್ಲೇ ಇದ್ದರೂ ಆಕೆಯ ಕಣ್ಣು ಮಗನ ಮೇಲೇ ಇತ್ತು.

ವಿರಾಮದಲ್ಲಿ ಪಟ್ಟಿ ಬಿಚ್ಚಿದೆ. ಮೊಣಕಾಲು ಊದಿಕೊಂಡಿತ್ತು. ಇನ್ನು ಇಳಿಯಬೇಡಿ ಎಂದೆ. ನಿನ್ನಿಷ್ಟ ಎಂದು ಅವರಿಗೇ ಬಿಟ್ಟರು ಕೋಚ್. ಯೋಸಿಪ್ ಪ್ರೇಕ್ಷಕರ ಬೆಂಚಿನ ಮೇಲೆ ಮುದುಡಿ ಕುಳಿತಿದ್ದ ತಾಯಿಯತ್ತ ನೋಡಿದರು. ಬೂಟು ಬಿಚ್ಚಿ ಮಾರಿಯಾ ಕೈಗೆ ಕೊಟ್ಟು, ಕುಂಟುತ್ತ ಮೆಟ್ಟಿಲೇರಿ ತಾಯಿಯ ಪಕ್ಕ ಕುಳಿತರು. ಆಕೆ ತಮ್ಮ ಕಂಬಳಿಯನ್ನು ಅವರ ಕಾಲಿಗೂ ಹೊದಿಸಿದರು.

ಆಟ ಮತ್ತೆ ಶುರುವಾಯಿತು. ಯೋಸಿಪ್ ತಾಯಿಗೆ ಬೆರಳು ಮಾಡಿ ತೋರಿಸುತ್ತ ಏನೋ ಹೇಳುತ್ತಿದ್ದರು. ಏನೆಂದು ಮಾರಿಯಾರನ್ನು ಕೇಳಿದೆ.

"ಅಮ್ಮ, ಇಷ್ಟು ವರ್ಷ ನಾನು ನಿಲ್ಲುತ್ತಿದ್ದದ್ದು ಅಲ್ಲಿ ಅಂತ ಹೇಳ್ತಿದ್ದಾರೆ," ಎಂದರು ಮಾರಿಯಾ.

ಆ ಜಾಗದಲ್ಲಿ ಈಗ ಬೇರೊಬ್ಬ ಆಟಗಾರ ನಿಂತಿದ್ದ. ತಾಯಿ ಅವನನ್ನು ಒಮ್ಮೆ ನೋಡಿ, ಮಗನ ಒದ್ದೆ ಕೂದಲನ್ನು ಸೆರಗಿನಂಥ ಶಾಲಿನ ತುದಿಯಿಂದ ಒರೆಸಿದರು. ಸಿಡ್ನಿ ತಂಡ ಒಂದು ಗೋಲಿನಿಂದ ಸೋತಿತು. ಅವರಿಬ್ಬರೂ ಅದನ್ನು ಗಮನಿಸಿದರೋ ಇಲ್ಲವೋ ಕಾಣೆ.

ಮರುದಿನ ಹೊರಟಾಗ ಮುದುಕಿ ಮಗಳ ಮನೆಯ ಗೇಟಿನ ಬಳಿ ನನ್ನ ಕೈ ಹಿಡಿದುಕೊಂಡರು. ಅವರು ಕೇಳಿದ್ದನ್ನು ಮಾರಿಯಾ ನನಗೆ ಹೇಳಿದರು: "ನನಗೆ ಆಟ ಗೊತ್ತಾಗಲಿಲ್ಲ. ಅವನು ಚೆನ್ನಾಗಿ ಆಡಿದನಾ?"

ಗೊತ್ತಿದ್ದ ಒಂದೇ ಸಂಗತಿ ಹೇಳಿದೆ: "ಅವರು ಅಲ್ಲಿ ನಿಂತಿರೋವರೆಗೆ ಯಾರಿಗೂ ಗೋಲು ಹೊಡೆಯೋಕೆ ಆಗಲಿಲ್ಲ, ಅಮ್ಮ."

ಮಾರಿಯಾ ಅದನ್ನು ಅವರ ಭಾಷೆಯಲ್ಲಿ ಹೇಳುವವರೆಗೆ ಆಕೆ ಕೈ ಬಿಡದೆ ಕಾದರು. ಕೇಳಿ, ತಲೆಯಾಡಿಸಿದರು. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕುಳಿತಿದ್ದ ಯೋಸಿಪ್ ಮುಖ ಕಿಟಕಿಯತ್ತ ತಿರುಗಿಸಿಕೊಂಡರು. ಕಾರು ಬೀದಿ ತಿರುವು ತಲುಪಿದಾಗ ನಾನು ಹೊರಳಿ ನೋಡಿದೆ. ಮುದುಕಿ ಪಕ್ಕದ ಮನೆಯಾಕೆಯನ್ನು ಬೇಲಿಯ ಬಳಿಗೆ ಕರೆದು, ಎರಡೂ ಕೈ ಅಡ್ಡ ಚಾಚಿ, ಯಾರನ್ನೋ ತಡೆಯುವವರಂತೆ ನಿಂತು ಏನನ್ನೋ ವಿವರಿಸುತ್ತಿದ್ದರು.