ಕೈ ಬಿಡಿ

ಮೊದಲ ಸಲ ಬರುವವರು ಕೇಳಬೇಕೆಂದಿರುವ ಪ್ರಶ್ನೆ ಒಂದೇ. ಅದನ್ನು ಕೇಳುವ ಮೊದಲು ಬೇರೆ ಹತ್ತು ಕೇಳುತ್ತಾರೆ. ಎಷ್ಟು ಹೊತ್ತು ಹಿಡಿಯುತ್ತೆ, ಎಣ್ಣೆ ಬಟ್ಟೆಗೆ ಹತ್ತುತ್ತಾ, ಊಟ ಮಾಡಿ ಬಂದಿದ್ದೀನಿ ಪರವಾಗಿಲ್ವಾ. ಆಮೇಲೆ ಗೋಡೆಯ ಕಡೆ ನೋಡುತ್ತಾ, ಬೇರೆ ಯಾರದೋ ವಿಷಯ ಎನ್ನುವ ಹಾಗೆ, “ಬಟ್ಟೆ ಎಷ್ಟು ತೆಗೀಬೇಕು?” ಎನ್ನುತ್ತಾರೆ. ನಾನು ಈ ಮೇಜಿನ ಹಿಂದೆ ಕೂತು ಒಂಬತ್ತು ವರ್ಷವಾಯಿತು. ಈಗೀಗ ಕೇಳುವ ಮೊದಲೇ ಹೇಳಿಬಿಡುತ್ತೇನೆ: “ನಿಮಗೆ ಎಷ್ಟು ಸಮಾಧಾನವೋ ಅಷ್ಟು. ಮೈಮೇಲೆ ಟವೆಲ್ ಇರುತ್ತೆ. ಎಲ್ಲಿ ಒತ್ತಬೇಕೋ ಅಲ್ಲಿ ಮಾತ್ರ ಸರಿಸ್ತಾರೆ. ನೋವಾದ್ರೆ ಹೇಳಿ, ಸಾಕು ಅನ್ಸಿದ್ರೂ ಹೇಳಿ.” ಅರ್ಧ ಜನರ ಕುತ್ತಿಗೆ ನನ್ನ ಮೇಜಿನ ಮುಂದೆಯೇ ಸಡಿಲವಾಗುತ್ತದೆ. ಹೆಸರು ಬರುವುದು ಮಾತ್ರ ಒಳಗಿರುವ ನನ್ನ ಅಕ್ಕನಿಗೆ.

ಅಕ್ಕ ಮಸಾಜ್ ಮಾಡುವವಳು. ಕೀಲಿಕೈ ಮಾಡುವವನ ಅಂಗಡಿಯ ಮೇಲಿನ ಎರಡು ಕೋಣೆ ನಮ್ಮದು. ಹತ್ತೊಂಬತ್ತು ಮೆಟ್ಟಿಲು. ಮಂಡಿ ನೋವು ಎಂದು ಹೊರಟವರು ಮೇಲೆ ಬರುವ ಹೊತ್ತಿಗೆ ಸೊಂಟನೋವನ್ನೂ ಜೊತೆಗೆ ಕರೆದುಕೊಂಡು ಬರುತ್ತಾರೆ. ಹೊರಗಿನ ಕೋಣೆಯಲ್ಲಿ ನನ್ನ ಮೇಜು, ಎರಡು ಕುರ್ಚಿ, ಟವೆಲ್ ಒಗೆಯುವ ಮೆಷಿನ್. ಅದು ತಿರುಗುವಾಗ ನಿಂತ ಜಾಗದಲ್ಲಿ ನಿಲ್ಲದೆ ಒಂದಡಿ ಮುಂದೆ ಬರುತ್ತದೆ. ನಾನು ಕಾಲಿನಿಂದ ಹಿಂದಕ್ಕೆ ತಳ್ಳುತ್ತೇನೆ. ಒಳಗಿನ ಕೋಣೆಯಲ್ಲಿ ಕಿರಿದಾದ ಎತ್ತರದ ಮಂಚ. ಮಕಾಡೆ ಮಲಗಿದಾಗ ಮುಖ ಇಡಲು ಅದರ ತಲೆಯ ಕಡೆ ಒಂದು ತೂತು. ಆ ತೂತಿನಿಂದ ಕಾಣುವುದು ನೆಲ ಮತ್ತು ಅಕ್ಕನ ಕಾಲು. ವಾರಕ್ಕೊಮ್ಮೆ ಬರುವ ಲಾರಿ ಡ್ರೈವರ್, ನಾವು ಲಾರಿ ಅಣ್ಣ ಎನ್ನುವವರು, ಒಮ್ಮೆ ಬೀದಿಯಲ್ಲಿ ಅವಳನ್ನು ದಾಟಿ ಹೋಗಿ ಮತ್ತೆ ಹಿಂತಿರುಗಿ ಬಂದರಂತೆ. “ಮುಖ ನೋಡಿ ಗುರುತು ಹತ್ತಲಿಲ್ಲಮ್ಮ, ಕಾಲು ನೋಡಿ ನೀವೇ ಅಂತ ಗೊತ್ತಾಯ್ತು” ಎಂದರಂತೆ.

ಬಂದವರಿಗೆ ನಾನು ಒಂದು ಹಾಳೆ ಕೊಡುತ್ತೇನೆ. ಅದರಲ್ಲಿ ಮನುಷ್ಯನ ಚಿತ್ರ ಇದೆ, ಮುಂದಿನಿಂದ ಒಂದು, ಹಿಂದಿನಿಂದ ಒಂದು. ಎಲ್ಲಿ ನೋವೋ ಅಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಬೇಕು. ಬರೆದುಕೊಟ್ಟವನು ಅದೇನು ಅವಸರದಲ್ಲಿದ್ದನೋ, ಬೆರಳು ಬಿಡಿಸಲೇ ಇಲ್ಲ. ತೋಳು ಮುಗಿಯುವ ಕಡೆ ಎರಡು ಸೌಟು.

ಅಕ್ಕ ಮೊದಲು ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ಕೈಕಾಲು ಸ್ವಾಧೀನ ತಪ್ಪಿದವರಿಗೆ ವ್ಯಾಯಾಮ ಮಾಡಿಸುವ ಕೋಣೆಗೆ ಗಾಲಿಕುರ್ಚಿ ತಳ್ಳಿಕೊಂಡು ಹೋಗಿ, ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ನೋಡುತ್ತಾ ನೋಡುತ್ತಾ, ತನ್ನ ಮೂವತ್ತೊಂದನೆಯ ವಯಸ್ಸಿನಲ್ಲಿ ಸಂಜೆ ತರಗತಿಗೆ ಸೇರಿ, ಹುಡುಗಿಯರ ನಡುವೆ ಕೂತು ಸ್ನಾಯುಗಳ ಹೆಸರು ಬಾಯಿಪಾಠ ಮಾಡಿದಳು. ಮಾತು ಕಡಿಮೆ. ಒಳಗೆ ಅವಳು ಆಡುವುದು ಎರಡೇ ಮಾತು: “ಉಸಿರು ಬಿಡಿ”, “ಕೈ ಬಿಡಿ”.

ಎರಡನೆಯದು ತಾಪತ್ರಯದ ಮಾತು. ಒಮ್ಮೆ ಎದುರು ಕಟ್ಟಡದ ವಾಚ್‌ಮನ್ ತನ್ನ ಸರದಿಗೆ ಕಾದು ಕೂತಿದ್ದ. ಒಳಗಿನಿಂದ ಅಕ್ಕ ಸ್ವಲ್ಪ ಜೋರಾಗಿ, “ಕೈ ಬಿಡಿ! ಕೈ ಬಿಡಿ ಅಂದ್ನಲ್ಲ!” ಎಂದಳು. ಅವನು ದೊಣ್ಣೆ ಹಿಡಿದು ಬಾಗಿಲಿಗೆ ನುಗ್ಗಿಯೇಬಿಟ್ಟ. ಒಳಗೆ ನೋಡಿದರೆ ಒಬ್ಬ ಸಣಕಲು ಗುಮಾಸ್ತ ಟವೆಲ್ ಹೊದ್ದು ಕಣ್ಣು ಪಿಳಿಪಿಳಿ ಬಿಡುತ್ತಿದ್ದಾನೆ.

ಅವಳು ಹೇಳುವುದು ಇಷ್ಟು. ನಿಮ್ಮ ಮಣಿಕಟ್ಟು, ಮೊಣಕೈ ಎರಡರ ಅಡಿಗೂ ಅಂಗೈ ಕೊಟ್ಟು ಕೈಯನ್ನು ಮೇಲೆತ್ತುತ್ತಾಳೆ. ಅದರ ಭಾರವನ್ನೆಲ್ಲ ಅವಳಿಗೆ ಕೊಡಬೇಕು. ಯಾರೂ ಕೊಡುವುದಿಲ್ಲ. “ಬಿಟ್ಟಿದ್ದೀನಲ್ಲ” ಎನ್ನುತ್ತಾರೆ. ಆಗ ಅಕ್ಕ ಸದ್ದಿಲ್ಲದೆ ತನ್ನ ಕೈ ತೆಗೆಯುತ್ತಾಳೆ. ಅವರ ಕೈ ಹಾಗೇ ಗಾಳಿಯಲ್ಲಿ ನಿಂತಿರುತ್ತದೆ. “ಹಾಗಾದ್ರೆ ಇದನ್ನ ಯಾರು ಹಿಡ್ಕೊಂಡಿದ್ದಾರೆ?” ಎಂದು ಕೇಳುತ್ತಾಳೆ.

ನನಗೂ ಈ ಕೆಲಸ ಕಲಿಯುವ ಆಸೆ ಇತ್ತು. ನಾನು ದುಡಿಯುತ್ತಿದ್ದ ಡಬ್ಬಿ ಕಾರ್ಖಾನೆ ಮುಚ್ಚಿದಾಗ ಎರಡು ತಿಂಗಳ ಮಟ್ಟಿಗೆ ಎಂದು ಇಲ್ಲಿಗೆ ಬಂದವಳು. ಅಕ್ಕ ಮೂರು ತಿಂಗಳು ಕಲಿಸಿದಳು. ಒಂದು ದಿನ ನನ್ನ ಎರಡೂ ಕೈ ಹಿಡಿದು, “ನಿನ್ನ ಕೈ ಇಟ್ಟ ಕಡೆ ನಿಲ್ಲಲ್ಲ ಕಣೇ, ಗಿರಗಿಟ್ಲೆ. ಮಲಗಿದವರ ಮೈಗೆ ಅದು ಗೊತ್ತಾಗುತ್ತೆ. ನೀನು ಹೊರಗಡೆ ನೋಡ್ಕೋ” ಎಂದಳು. ಅವಳು ಹೇಳಿದ್ದು ನಿಜವೇ. ಈಗಲೂ ಪೆನ್ನು ತಿರುಗಿಸುತ್ತೇನೆ, ಡ್ರಾಯರ್ ತೆಗೆದು ಮುಚ್ಚುತ್ತೇನೆ, ಕರೆಗಂಟೆ ಕೂಗಿದರೆ ಕುರ್ಚಿ ಬೀಳುವ ಹಾಗೆ ಏಳುತ್ತೇನೆ. ನಿಜವಾದ ಮಾತು ಹೆಚ್ಚು ಚುಚ್ಚುತ್ತದೆ. ಒಂಬತ್ತು ವರ್ಷದಿಂದ ಚುಚ್ಚುತ್ತಿದೆ.

ಈ ನಾಲ್ಕು ತಿಂಗಳಿಂದ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಕ್ಕನಿಗೆ ಏನೋ ಆಗಿತ್ತು. ಎಣ್ಣೆ ಬಾಟಲಿಯ ಮುಚ್ಚಳ ತಿರುಗಿಸದೆ ಸುಮ್ಮನೆ ಮೇಲಿಡುತ್ತಿದ್ದಳು. ಬಾಗಿಲ ಚಿಲಕವನ್ನು ಎಡಗೈಯಿಂದ ತೆಗೆಯುತ್ತಿದ್ದಳು. ಒದ್ದೆ ಟವೆಲ್ ಹಿಂಡುವ ಕೆಲಸ ಯಾವಾಗಲೋ ನನ್ನ ಪಾಲಿಗೆ ಬಂದುಬಿಟ್ಟಿತ್ತು. ಲಾರಿ ಅಣ್ಣ ಮೆಟ್ಟಿಲು ಇಳಿಯುವಾಗ, “ಏನಮ್ಮ, ನಿಮ್ಮಕ್ಕ ಈಗ ಬರೀ ಮೊಣಕೈಯಲ್ಲೇ ತಿವೀತಾರೆ, ಹೆಬ್ಬೆರಳು ಮನೇಲಿ ಬಿಟ್ಟು ಬಂದಿದ್ದಾರಾ?” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಈ ಕೆಲಸದಲ್ಲಿ ಹೆಬ್ಬೆರಳು ಹೋದರೆ ಎಲ್ಲ ಹೋಯಿತು. ಅಕ್ಕನಿಗೆ ಬೇರೆ ಕೆಲಸ ಗೊತ್ತಿಲ್ಲ, ನನಗೆ ಬೇರೆ ಮನೆ ಇಲ್ಲ.

“ಕೈಗೆ ಏನಾಗಿದೆ?” ಎಂದು ಕೇಳಿದೆ.

“ಏನೂ ಇಲ್ಲ. ಟವೆಲ್ ಮಡಚು.”

ಮಡಚಿದೆ. ಮಾರನೆಯ ದಿನ ಮತ್ತೆ ಕೇಳಿದೆ. ಮತ್ತೆ ಟವೆಲ್. ಒಂದೇ ಒಲೆಯ ಮೇಲೆ ಬೇಯಿಸಿಕೊಂಡು ತಿನ್ನುವವರು ನಾವು.

ಆ ಮಧ್ಯಾಹ್ನ ಮೂರಕ್ಕೆ ಒಬ್ಬರು ಗಣಿತದ ಟೀಚರ್ ಮೊದಲ ಸಲ ಬಂದರು. ಎರಡೂ ಭುಜ ಕಿವಿಯ ಹತ್ತಿರಕ್ಕೆ ಏರಿ ಕೂತಿದ್ದವು. “ಡಾಕ್ಟರ್ ಎಲ್ಲಾ ನಾರ್ಮಲ್ ಅಂತಾರೆ. ನಾರ್ಮಲ್ ಆದ್ರೆ ಯಾಕೆ ನೋಯ್ಬೇಕು, ನೀವೇ ಹೇಳಿ” ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಹಾಳೆಯ ಮೇಲೆ ಎರಡು ಗುರುತು ಹಾಕಿ ಪಕ್ಕದಲ್ಲಿ ಒಂದು, ಎರಡು ಎಂದು ಅಂಕಿಯನ್ನೂ ಬರೆದರು. ಬಟ್ಟೆಯ ಪ್ರಶ್ನೆಗೆ ನಾನು ಉತ್ತರ ಹೇಳಿದೆ. ಅಕ್ಕ ಬಂದು ಆಪರೇಷನ್ ಆಗಿದೆಯಾ, ಬಿಪಿ ಇದೆಯಾ, ಯಾವ ಮಾತ್ರೆ ತಗೊಳ್ತೀರಿ ಎಂದೆಲ್ಲ ಕೇಳಿ ಒಳಗೆ ಕರೆದುಕೊಂಡು ಹೋದಳು.

ಒಳಕೋಣೆಯ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ “ಕೈ ಬಿಡಿ” ಎಂದ ಅಕ್ಕನ ದನಿ ಕೇಳಿಸಿತು. ಆಮೇಲೆ ಟೀಚರ್ ದನಿ, ನಡುಗುತ್ತಾ: “ಡಾಕ್ಟರ್ ಥರ ನೀವೂ ಕೈ ಬಿಟ್ರಾ? ಇನ್ನೂ ಕಾಲು ಗಂಟೆ ಆಗಿಲ್ವಲ್ರೀ!”

ನಾನು ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕೆ. ಅಕ್ಕ ಬಿಡಿಸಿ ಹೇಳಿದಳು. ಬಲಭುಜದ ಕೆಲಸ ನಡೆಯಿತು. ಅದು ಮುಗಿದ ಮೇಲೆ ಸದ್ದೇ ಇಲ್ಲ. ಮಂಚದ ಕಿರುಗುಟ್ಟುವಿಕೆ ಇಲ್ಲ, ಎಣ್ಣೆಯ ಅಂಗೈ ಉಜ್ಜುವ ಸದ್ದಿಲ್ಲ. ನಾನು ಎದ್ದೆ, ಕೂತೆ, ಮತ್ತೆ ಎದ್ದೆ. ಒಳಗೆ ಬಾಟಲಿ ದಡಕ್ಕನೆ ನೆಲಕ್ಕೆ ಬಿತ್ತು.

“ಟೀಚರ್, ಒಂದು ವಿಷಯ ಹೇಳ್ಬೇಕು” ಎಂದಳು ಅಕ್ಕ. “ನನ್ನ ಬಲಗೈ ಹೆಬ್ಬೆರಳು ನಾಲ್ಕು ತಿಂಗಳಿಂದ ಸರಿ ಇಲ್ಲ. ಬುಡದಲ್ಲಿ ಸವೆದಿದೆ ಅಂದಿದ್ದಾರೆ ಡಾಕ್ಟರ್. ಇವತ್ತು ಕೈಯೇ ಕೊಟ್ಟುಬಿಡ್ತು. ನಿಮ್ಮ ಇನ್ನೊಂದು ಭುಜ ನನ್ನ ತಂಗಿ ಮಾಡ್ತಾಳೆ, ನಾನು ಪಕ್ಕದಲ್ಲೇ ಇರ್ತೀನಿ. ಬೇಡ ಅಂದ್ರೆ ಬೇಡ, ಬಲವಂತ ಇಲ್ಲ.”

ಹೇಳದೆ ಯಾರ ಮೈಯನ್ನೂ ಮುಟ್ಟಬಾರದು ಎನ್ನುವುದು ಅವಳ ನಿಯಮ. ಅದು ನನಗೆ ಗೊತ್ತು. ಆದರೂ ನನ್ನ ಮೈಯೆಲ್ಲ ಉರಿದುಹೋಯಿತು. ನಾಲ್ಕು ತಿಂಗಳು ನನ್ನ ಹತ್ತಿರ ಟವೆಲ್ ಮಡಚಿಸಿದವಳು, ಅರ್ಧ ಗಂಟೆಯ ಪರಿಚಯದವರಿಗೆ ಡಾಕ್ಟರ್ ಹೇಳಿದ್ದನ್ನೂ ಸೇರಿಸಿ ಎಲ್ಲ ಹೇಳಿಬಿಟ್ಟಳು.

“ಯಾರು, ಆ ಬಾಯಿ ಜೋರಿನವರಾ?” ಎಂದರು ಟೀಚರ್.

“ಅವಳೇ.”

“ಬರ್ಲಿ. ಒಂದು ಕಡೆ ಸಡಿಲ, ಒಂದು ಕಡೆ ಬಿಗಿ ಇಟ್ಕೊಂಡು ನಾನು ಮನೆಗೆ ಹೇಗೆ ಹೋಗ್ಲಿ?”

ಬಿಸಿನೀರಿನಲ್ಲಿ ಕೈ ತೊಳೆದು ಒಳಗೆ ಹೋದೆ. ಅಕ್ಕ ನನ್ನ ಮುಖ ನೋಡಲಿಲ್ಲ. ಟೀಚರ್ ಅಂಗಾತ ಮಲಗಿ ಕಣ್ಣು ಮುಚ್ಚಿದ್ದರು. ಭುಜದ ಮೇಲೆ ಕೈ ಇಟ್ಟೆ. ಅಭ್ಯಾಸ ಎಲ್ಲಿ ಬಿಡುತ್ತದೆ, ನನ್ನ ಬೆರಳುಗಳು ಅಲ್ಲಿ ಇಲ್ಲಿ ಓಡಾಡತೊಡಗಿದವು. ಅಕ್ಕ ತನ್ನ ಎಡಗೈಯನ್ನು ನನ್ನ ಕೈಮೇಲೆ ಇಟ್ಟು ಹಾಗೇ ಒತ್ತಿ ಹಿಡಿದಳು. “ನಿಧಾನ” ಎಂದಳು. ಅವಳ ಮೇಲಿನ ಸಿಟ್ಟಿಗೇ ನನ್ನ ಕೈಗೆ ಸ್ವಲ್ಪ ಬಲ ಬಂತೋ ಏನೋ, ಬಿಗಿದ ಸ್ನಾಯುವಿನ ಗಂಟು ಸಿಕ್ಕಿತು. ಒತ್ತಿದೆ, ಕಾದೆ, ಒತ್ತಿದೆ. ಆಮೇಲೆ ಅವರ ಎಡಗೈಯನ್ನು ಎತ್ತಿಕೊಂಡು ನನ್ನ ಜೀವನದಲ್ಲಿ ಮೊದಲ ಸಲ ಆ ಮಾತು ಹೇಳಿದೆ.

“ಕೈ ಬಿಡಿ.”

“ಬಿಟ್ಟಿದ್ದೀನಿ.”

ನನ್ನ ಕೈ ತೆಗೆದೆ. ಅವರದು ಗಾಳಿಯಲ್ಲೇ ನಿಂತಿತು. ಒಂದು ಸಲ, ಎರಡು ಸಲ, ಮೂರು ಸಲ. ಒಳಗೆ ಮಾತಾಡಬಾರದು ಎನ್ನುವುದು ಅಕ್ಕನ ಇನ್ನೊಂದು ನಿಯಮ. ಅದು ನನ್ನ ಕೈಯಲ್ಲಿ ಆಗುವ ಕೆಲಸವಾ?

“ಟೀಚರ್, ಬೋರ್ಡ್ ಮೇಲೆ ಬರೆಯೋದು ಬಲಗೈಲಿ ತಾನೇ? ಎಡಗೈ ಯಾಕೆ ನೋಯುತ್ತೆ?”

“ಎಡಗೈಲಿ ಡಸ್ಟರ್ ಇರುತ್ತಲ್ಲ.”

“ಒರೆಸೋವಾಗ ಮಾತ್ರ ಅಲ್ವಾ?”

“ಇಲ್ಲ, ಪೀರಿಯಡ್ ಪೂರ್ತಿ. ಇಪ್ಪತ್ತೆರಡು ವರ್ಷದಿಂದ.”

ಅವರ ಬೆರಳು ನೋಡಿದೆ. ಐದೂ ಬೆರಳು ಮಡಚಿಕೊಂಡು, ನಡುವೆ ಒಂದು ಡಸ್ಟರ್ ಹಿಡಿಯುವಷ್ಟು ಜಾಗ ಬಿಟ್ಟು ನಿಂತಿದ್ದವು.

“ಈಗಲೂ ಹಿಡ್ಕೊಂಡಿದ್ದೀರಲ್ಲ ಟೀಚರ್!”

ಅವರು ಕಣ್ಣು ತೆರೆದು ತಮ್ಮ ಕೈಯನ್ನೇ ನೋಡಿದರು. “ಅಯ್ಯೋ, ಹೌದಲ್ರೀ” ಎಂದು ನಗತೊಡಗಿದರು. ಆ ನಗುವಿನಲ್ಲಿ ಬೆರಳು ಬಿಚ್ಚಿಕೊಂಡವು, ತೋಳು ಜಾರಿ ನನ್ನ ಅಂಗೈಗಳ ಮೇಲೆ ಬಂತು. ಒಂದು ಕೈ ಅಷ್ಟು ಭಾರ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬೀಳಿಸಿಬಿಡುತ್ತೇನೆ ಎಂದು ಹೆದರಿ ಅಲ್ಲಾಡದೆ ನಿಂತೆ. ನನ್ನ ಕೈ ನಿಂತಿತ್ತು. ಅಕ್ಕನೂ ಅದನ್ನೇ ನೋಡುತ್ತಿದ್ದಳು.

ಹೊರಡುವಾಗ ಟೀಚರ್ ಎರಡೂ ಭುಜ ತಿರುಗಿಸಿ ನೋಡಿಕೊಂಡು, “ಎರಡೂ ಸಮ. ಆದ್ರೆ ನಿಮ್ಮ ಕಡೆಯದರಲ್ಲಿ ಮಾತು ಜಾಸ್ತಿ” ಎಂದು ನನಗೆ ಹೇಳಿ ಮೆಟ್ಟಿಲು ಇಳಿದರು. ಅವರ ಚಪ್ಪಲಿಯ ಸದ್ದು ಮುಗಿಯುವವರೆಗೆ ತಡೆದುಕೊಂಡೆ.

“ನಾಲ್ಕು ತಿಂಗಳು ಅಕ್ಕ! ದಾರಿಹೋಕರಿಗೆ ಹೇಳ್ತೀಯ, ನನಗೆ ಹೇಳಲ್ಲ. ನಾನೇನು ಈ ಮನೆಯ ಕುರ್ಚಿನಾ?”

ಅಕ್ಕ ಬಿದ್ದ ಬಾಟಲಿಯನ್ನು ಎಡಗೈಯಲ್ಲಿ ಎತ್ತಿಟ್ಟಳು. ನೆಲದ ಎಣ್ಣೆಯ ಮೇಲೆ ಟವೆಲ್ ಹಾಕಿ ಕಾಲಿನಿಂದ ಒರೆಸಿದಳು. ಒರೆಸುತ್ತಲೇ ಹೇಳಿದಳು: “ನಿನ್ನನ್ನ ಹೊರಗೆ ಕೂರಿಸಿದ್ದು ನಾನು. ಕೈ ಸರಿ ಇಲ್ಲ ಅಂದಿದ್ದೂ ನಾನೇ. ಈಗ ನನ್ನ ಕೈ ಕೆಟ್ಟಿದೆ, ಒಳಗೆ ಬಾ ಅಂತ ಯಾವ ಮುಖ ಇಟ್ಕೊಂಡು ಕರೀಲಿ?”

ನನಗೆ ಅಳು ಬರುವ ಹಾಗಿತ್ತು, ಆದರೆ ಸರಿಯಾಗಿ ಬರಲಿಲ್ಲ. ಹೊರಗೆ ಹೋಗಿ ಒಂದು ಹಾಳೆ, ಕೆಂಪು ಪೆನ್ನು ತಂದು ಅವಳ ಮುಂದೆ ಇಟ್ಟೆ.

“ಎಲ್ಲಿ ನೋವು, ಗುರುತು ಹಾಕಿ” ಎಂದೆ, ಬಂದವರಿಗೆಲ್ಲ ಹೇಳುವ ಹಾಗೇ.

ಅಕ್ಕ ಎಡಗೈಯಲ್ಲಿ ಪೆನ್ನು ಹಿಡಿದು, ಆ ಸೌಟಿನ ಪಕ್ಕಕ್ಕೆ ಒಂದು ಸೊಟ್ಟ ಹೆಬ್ಬೆರಳು ಬರೆದು, ಅದರ ಬುಡಕ್ಕೆ ಗುರುತು ಹಾಕಿದಳು.

“ಮಲಗು” ಎಂದೆ.

ನಾನು ಬರುವ ಎರಡು ವರ್ಷ ಮೊದಲೇ ಈ ಜಾಗ ತೆರೆದವಳು, ಹನ್ನೊಂದು ವರ್ಷದಲ್ಲಿ ಆ ಮಂಚದ ಮೇಲೆ ಒಂದು ದಿನವೂ ಮಲಗಿದವಳಲ್ಲ. ಅಂಗಾತ ಮಲಗಿ, “ಮೇಲೆ ತಾರಸಿ ಇಷ್ಟುದ್ದ ಬಿರುಕು ಬಿಟ್ಟಿದೆ, ಯಾರೂ ಹೇಳೇ ಇಲ್ಲ” ಎಂದಳು. ಹೆಬ್ಬೆರಳಿಗೆ ತಾಗದ ಹಾಗೆ ಮಣಿಕಟ್ಟಿನ ಅಡಿಗೆ ಒಂದು ಅಂಗೈ, ಮೊಣಕೈ ಅಡಿಗೆ ಒಂದು ಅಂಗೈ ಕೊಟ್ಟು ಎತ್ತಿದೆ.

“ಕೈ ಬಿಡು.”

“ಬಿಟ್ಟಿದ್ದೀನಲ್ಲೇ.”

ನಾನು ಮೆಲ್ಲಗೆ ನನ್ನ ಕೈ ತೆಗೆದೆ. ಅಕ್ಕನ ಕೈ ಎಲ್ಲರ ಕೈಯ ಹಾಗೇ ಗಾಳಿಯಲ್ಲಿ ನಿಂತಿತು.

“ಹಾಗಾದ್ರೆ ಇದನ್ನ ಯಾರು ಹಿಡ್ಕೊಂಡಿದ್ದಾರೆ?” ಎಂದೆ.

ಅವಳಿಗೆ ನಗು ಬಂತು. ನಗುವಿನ ನಡುವೆಯೇ ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯಿತು. ನಾನು ಮತ್ತೆ ಅಂಗೈ ಕೊಟ್ಟು ನಿಂತೆ. ಆಗ ಕರೆಗಂಟೆ ಕೂಗಿತು. ಐದು ಗಂಟೆಯ ಲಾರಿ ಅಣ್ಣ.

“ಹೋಗೇ, ಬಾಗಿಲು” ಎಂದು ಅಕ್ಕ ತಲೆ ಎತ್ತಿದಳು.

“ಕಾಯ್ಲಿ.”

ಎರಡನೆಯ ಸಲ ಕೂಗಿತು. ನನ್ನ ಕಾಲು ಒಳಗೊಳಗೇ ಓಡುತ್ತಿತ್ತು, ಆದರೂ ಜಾಗ ಬಿಡಲಿಲ್ಲ. ಅಕ್ಕ ನನ್ನ ಮುಖ ನೋಡಿದಳು. ತಲೆಯನ್ನು ಮತ್ತೆ ಮಂಚಕ್ಕೆ ಒರಗಿಸಿದಳು. ಲಾರಿ ಅಣ್ಣ ಮೂರನೆಯ ಸಲ ಒತ್ತುವ ಹೊತ್ತಿಗೆ ಅವಳ ಕೈ ಇಳಿಯತೊಡಗಿತು, ಮೊದಲು ಮಣಿಕಟ್ಟು, ಆಮೇಲೆ ಮೊಣಕೈ. ಟೀಚರ್ ಕೈಗಿಂತ ಭಾರವಾಗಿತ್ತು. ನಾನು ಅಲ್ಲಾಡಲಿಲ್ಲ.